ಎರಡನೆಯ ಕಣ

೨೦೦೧ನೇ ಇಸವಿ, ದೀಪಾವಳಿಯ ಬಲಿಪಾಡ್ಯಮಿ, ಬೆಳಿಗ್ಗೆ ಐದೂಮುಕ್ಕಾಲು. ಗುಬ್ಬಿಗೆ ಹತ್ತಿರದ ನಮ್ಮೂರಿನ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದವರು ನಾಲ್ವರು: ಅವ್ವ, ಅತ್ತಿಗೆ, ನನ್ನ ಹೆಂಡತಿ, ನಾನು. ಇರಲೇಬೇಕಾಗಿದ್ದ ಅಣ್ಣ ಇರಲಿಲ್ಲ.

ನಮ್ಮ ಮನೆತನದಲ್ಲಿ ರಾಗಿ ಕೊಯ್ಲು ಶುರುವಾಗುವುದು ಆ ದಿನ. ಮೊದಲ ಐದು ತೆನೆಗಳನ್ನು ಮನೆಯ ಹಿರಿಯ ಕೊಯ್ಯಬೇಕು, ಬಿಸಿಲು ತೆನೆಯನ್ನು ಮುಟ್ಟುವ ಮೊದಲೇ ಕೊಯ್ಯಬೇಕು. ಅವನ್ನು ಹುಚ್ಚೆಳ್ಳು ಹೂವಿನ ಜೊತೆ ಸಗಣಿ ಉಂಡೆಗಳಿಗೆ ಸಿಕ್ಕಿಸಿ, ಹೊಸ್ತಿಲಿಗೊಂದು, ಕೊಟ್ಟಿಗೆಗೊಂದು, ತಿಪ್ಪೆಗೊಂದು, ಬಾವಿಗೊಂದು, ಕಣಕ್ಕೊಂದು ಇಟ್ಟು ದೀಪ ಹಚ್ಚಬೇಕು. ಆಮೇಲೆಯೇ ಉಳಿದವರು ಕುಡುಗೋಲು ಹಿಡಿಯಬಹುದು. ಏಕೆ ಎಂದು ಕೇಳಿದ್ದಕ್ಕೆ ಅಪ್ಪ, ತಮ್ಮ ಅಪ್ಪ ಹಾಗೆ ಮಾಡುತ್ತಿದ್ದರು ಎಂದಷ್ಟೇ ಹೇಳಿದ್ದರು. ಮಳೆ ಕೈಕೊಟ್ಟ ಒಂದು ವರ್ಷ ತಾತ ಐದೇ ಬುಡ ರಾಗಿಗೆ ಬಾವಿಯಿಂದ ನೀರು ಹೊತ್ತು ಹೊಯ್ದು ಈ ದಿನಕ್ಕೆ ತೆನೆ ಉಳಿಸಿದ್ದರಂತೆ.

ಅಪ್ಪ ತೀರಿಕೊಂಡ ಮೇಲೆ ನಾನೂ ಅಣ್ಣನೂ ಪಾಲು ಮಾಡಿಕೊಂಡೆವು. ಅವ್ವ ಒಂದೇ ಮಾತು ಕೇಳಿದ್ದಳು: ಹೊಲ ಎರಡಾಗಲಿ, ಕಣ ಎರಡಾಗಬಾರದು. ಹಾಗೆಯೇ ನಡೆದಿತ್ತು. ನನ್ನ ಪಾಲನ್ನೂ ಅಣ್ಣನೇ ಉಳುತ್ತಿದ್ದ. ಎರಡೂ ಹೊಲದ ರಾಗಿಯನ್ನು ಒಂದೇ ಕಣದಲ್ಲಿ ಒಕ್ಕಣೆ ಮಾಡಿ, ನನ್ನ ಮೂಟೆಗಳನ್ನು ತುಮಕೂರಿನ ಉಪ್ಪಾರಹಳ್ಳಿಯ ಮನೆಗೆ ಕಳಿಸುತ್ತಿದ್ದ. ನಾನು ಕುಣಿಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯ. ಪ್ರಾರ್ಥನೆಯ ಗಂಟೆ ಒಂದು ನಿಮಿಷ ತಡವಾದರೆ ಜವಾನನಿಂದ ಕಾರಣ ಬರೆಸಿಕೊಳ್ಳುತ್ತಿದ್ದವನು.

ಅಣ್ಣ ನಾಲ್ಕಕ್ಕೇ ಎದ್ದು ಸೈಕಲ್ಲಿನಲ್ಲಿ ಗುಬ್ಬಿಗೆ ಹೋಗಿದ್ದ. ಏನು ಕೆಲಸವೆಂದು ಯಾರಿಗೂ ಹೇಳಿರಲಿಲ್ಲ. ಆರಾಯಿತು, ಆರೂಕಾಲಾಯಿತು. ತೆಂಗಿನ ತೋಟದ ಹಿಂದೆ ಆಕಾಶ ಕೆಂಪಾಯಿತು. ನಾನು ಅಪ್ಪನ ಹಳೆಯ ಕುಡುಗೋಲು ಕೈಗೆತ್ತಿಕೊಂಡೆ.

"ತಡ್ಕಳ್ಲಾ, ಬತ್ತಾನೆ," ಎಂದಳು ಅವ್ವ. "ಅದು ಅವ್ನ ಕೈಲೇ ಆಗ್ಬೇಕು."

ಬಿಸಿಲು ಬಿದ್ದರೆ ತೆನೆ ಕೆಟ್ಟಹಾಗೆ ಎಂದು ಅಪ್ಪನೇ ಹೇಳುತ್ತಿದ್ದುದನ್ನು ಅವಳಿಗೆ ನೆನಪಿಸಿದೆ.

"ಮೇಷ್ಟ್ರ ಬೆಲ್ಲು ಹೊಡೀತು ಕಣತ್ತೆ," ಎಂದರು ಅತ್ತಿಗೆ. "ಇನ್ನು ಯಾರ್ ಹೇಳಿದ್ರೂ ನಿಲ್ಲಾಕಿಲ್ಲ."

ಆ ಮಾತು ಚುಚ್ಚಿತು. ಇಳಿದು ಐದು ತೆನೆ ಕೊಯ್ದೆ.

ಕೊಯ್ದು ತಲೆಯೆತ್ತುವಷ್ಟರಲ್ಲಿ ಅಣ್ಣ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಹ್ಯಾಂಡಲ್ಲಿಗೆ ಪೇಪರಿನಲ್ಲಿ ಸುತ್ತಿದ ಏನೋ ಕಟ್ಟಿತ್ತು. ನನ್ನ ಕೈಯಲ್ಲಿದ್ದ ತೆನೆಗಳನ್ನು ನೋಡಿದ. ಪೇಪರು ಬಿಚ್ಚಿ, ಹೊಸ ಕುಡುಗೋಲೊಂದನ್ನು ನನ್ನ ಮುಂದೆ ನೆಲಕ್ಕಿಟ್ಟ.

"ಈ ಸಲ ಇಬ್ರೂ ಒಟ್ಗೆ ಕುಯ್ಯಾನ ಅಂತ ನಿಂಗೇ ಮಾಡುಸ್ದೆ. ಆಚಾರಿ ಹಿಡಿ ಹಾಕೋದು ಲೇಟಾಯ್ತು."

"ಬಿಸಿಲು ಬಿದ್ಬುಡ್ತಿತ್ತಣ್ಣ. ಅಪ್ಪ ಹೇಳ್ತಿರ್ಲಿಲ್ವ?"

"ಅಪ್ಪ ಹೇಳಿದ್ದು ಎಲ್ಡು ಮಾತು ಕಣೋ. ನಿಂಗೆ ಬೇಕಾದ್ದು ಒಂದೇ ಕೇಳುಸ್ತು."

ತೆನೆಗಳನ್ನು ಅವನ ಕೈಗೆ ಕೊಟ್ಟು, ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ವಾಚು ನೋಡಿಕೊಂಡೆ. ಬೇರೆ ಯಾವುದಕ್ಕೂ ಅಲ್ಲ, ಅವನು ಎಷ್ಟು ತಡವಾಗಿ ಬಂದನೆಂದು ಅವನಿಗೆ ಕಾಣಲಿ ಎಂದು.

"ನಿನ್ ತೆನೆ ನೀನ್ ಕುಯ್ಕೊಂಡೆ," ಎಂದ ಅಣ್ಣ. "ನಿನ್ ಹೊಲಾನೂ ನೀನೇ ಕುಯ್ಕೊ. ಕಣಾನೂ ನೀನೇ ಮಾಡ್ಕೊ."

ಅವನು ತನ್ನ ಪಾಲಿಗಿಳಿದು, ಆಗಲೇ ಬಿಸಿಲು ಬಿದ್ದಿದ್ದ ಐದು ತೆನೆಗಳನ್ನು ಬೇರೆಯಾಗಿ ಕೊಯ್ದ. ಆ ದಿನ ನಮ್ಮ ಹೊಸ್ತಿಲ ಮೇಲೆ ಎರಡು ಸಗಣಿ ಉಂಡೆ, ತಿಪ್ಪೆಯ ಮೇಲೆ ಎರಡು ದೀಪ. ನೋಡಿದವರು ಹಬ್ಬ ಜೋರಾಗಿದೆ ಎಂದುಕೊಂಡಿರಬಹುದು. ಅವ್ವ ಒಬ್ಬಟ್ಟು ಮುಟ್ಟಲಿಲ್ಲ.

ಈಗ ಉಪ್ಪಾರಹಳ್ಳಿಯ ನಮ್ಮ ಬೀದಿಗೆ ಹಬ್ಬದ ಹಿಂದಿನ ದಿನ ತಳ್ಳುಗಾಡಿಯಲ್ಲಿ ತೆನೆ ಬರುತ್ತದೆ, ಹುಚ್ಚೆಳ್ಳು ಹೂವಿನ ಸಮೇತ ಕಟ್ಟು ಕಟ್ಟಿ. ಯಾರು ಕೊಯ್ದದ್ದು, ಯಾವ ಹೊತ್ತಿನಲ್ಲಿ ಕೊಯ್ದದ್ದು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳದೆ ಕೊಳ್ಳುತ್ತೇನೆ.

ಆ ಹಬ್ಬದ ದಿನ ಮಧ್ಯಾಹ್ನ ಅವ್ವ ನನ್ನನ್ನು ಕೊಟ್ಟಿಗೆಯ ಹತ್ತಿರಕ್ಕೆ ಕರೆದು, ಹೋಗಿ ಅಣ್ಣನನ್ನು ಒಂದು ಸಲ ಮಾತಾಡಿಸು ಎಂದಳು. ಅವನೇ ಕರೆಯಲಿ ಎಂದೆ. ಅವ್ವ ಅವನ ಹತ್ತಿರವೂ ಹೋದಳು. ಅವನು ಏನೆಂದನೋ ಗೊತ್ತಿಲ್ಲ. ಹಿಂದಿರುಗಿ ಬಂದವಳು ನನ್ನ ಕಡೆ ನೋಡದೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಸಂಜೆ ಐದಕ್ಕೆ ಗುದ್ದಲಿ ತೆಗೆದುಕೊಂಡು ನನ್ನ ಪಾಲಿನ ತಲೆಕಡೆಗೆ ಹೋದೆ. ಕಣಕ್ಕೆಂದು ಹುಲ್ಲು ಕೆತ್ತಿ, ನಡುವೆ ಒಂದು ಗೂಟ ಹೊಡೆದು, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಸುತ್ತಲೂ ಗೀಟು ಎಳೆದೆ. ಒಂದು ಕಡೆ ನೆಲ ಇಳಿಜಾರಾಗಿತ್ತು. ಗೂಟ ಕಿತ್ತು ಎರಡು ಗೇಣು ಈಚೆಗೆ ಹೊಡೆದು ಮತ್ತೆ ಎಳೆದೆ. ಈ ಸಲ ವೃತ್ತ ಸರಿಯಾಗಿ ಕೂಡಿಕೊಂಡಿತು. ಗುದ್ದಲಿಯ ಮಣ್ಣನ್ನು ಒರೆಸಿ, ಹಗ್ಗ ಸುತ್ತಿಟ್ಟೆ.