ಹೆಸರು, ಕ್ಲಾಸು, ಅಷ್ಟೇ

ಬೆತ್ಲೆಹೆಮ್ ಪಕ್ಕದ ನಮ್ಮ ನಿರಾಶ್ರಿತರ ಶಿಬಿರದ ಶಾಲೆಯಲ್ಲಿ ನುಹೈಲಾ ಮಿಸ್ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದಳು. ಸೈನಿಕರ ಜೀಪಿಗೂ ಹೆದರದ ಹೆಂಗಸು ಕ್ಯಾಮೆರಾ ಎಂದರೆ ನಡುಗುತ್ತಿದ್ದಳು. ಹಿಂದಿನ ವರ್ಷ ಟೀವಿಯವರು ಒಬ್ಬ ಮೇಷ್ಟರ ಇಡೀ ಪಾಠದಲ್ಲಿ ಒಂದೇ ವಾಕ್ಯ ಕತ್ತರಿಸಿ ತೋರಿಸಿದ್ದರು. ಅವನ ಕೆಲಸ ಹೋಗಿತ್ತು.

ಈ ಸಲ, ಇಲ್ಲಿನ ಮಕ್ಕಳು ಏನು ಕಲಿಯುತ್ತಾರೆಂದು ತೋರಿಸಲು ವಿದೇಶಿ ಟೀವಿಯವರು ಬಂದರು. ಮಿಸ್ ಮೊದಲೇ ಮಕ್ಕಳಿಗೆ ಗದರಿದಳು: “ಏನೇ ಕೇಳ್ಲಿ, ಹೆಸರು, ಕ್ಲಾಸು, ಅಷ್ಟೇ ಹೇಳಿ. ಜಾಸ್ತಿ ಬಾಯಿ ಬಿಟ್ರೆ ನೋಡಿ ಮತ್ತೆ!”

ವರದಿಗಾರ ನಗುತ್ತಾ ಪುಟ್ಟ ರಿಮಾಸಳನ್ನು ಕೇಳಿದ: “ನಿಮ್ಮೂರು ಯಾವ್ದು ಮರಿ?”

ಊರು ಕೇಳಿದರೆ ನಮ್ಮಲ್ಲಿ ಯಾರೂ ಶಿಬಿರದ ಹೆಸರು ಹೇಳುವುದಿಲ್ಲ. ಅಜ್ಜ ಬಿಟ್ಟು ಓಡಿಬಂದ ಊರನ್ನೇ ಹೇಳುತ್ತೇವೆ. ಆ ಊರು ಈಗಿಲ್ಲ, ಅದಿದ್ದ ಜಾಗ ಇಸ್ರೇಲಿನಲ್ಲಿದೆ.

“ಬೇತ್ ಇತಾಬ್,” ಎಂದಳು ರಿಮಾಸ್. “ಅದು ನಮ್ದೇ. ಹೋಗಿ ಅಜ್ಜನ ಮರದ ಅಂಜೂರ ತಿಂತೀನಿ. ಈಗ ಅಲ್ಲಿರೋ ಮಕ್ಕಳಿಗೂ ಕೊಡ್ತೀನಿ.”

ಟೀವಿಯಲ್ಲಿ ‘ಅದು ನಮ್ದೇ’ ಮಾತ್ರ ಬಂತು. ಅಂಜೂರ ಯಾರ ಹೊಟ್ಟೆಗೆ ಹೋಯಿತೋ! ಕೆಳಗೆ ದಪ್ಪಕ್ಷರದಲ್ಲಿ ‘ದ್ವೇಷದ ಪಾಠ’ ಎಂದಿತ್ತು.

ಮರುದಿನವೇ ವಿಚಾರಣೆಗೆ ಶಾಲೆಗಳ ಮೇಲಧಿಕಾರಿಯೊಬ್ಬರು ಕ್ಲಾಸಿಗೆ ಬಂದರು. ನಮ್ಮವರೇ, ಒಳ್ಳೆಯವರೇ. ಮಿಸ್‌ನ ಮುಖದ ಬೆವರು ಕಂಡು, ಸಮಾಧಾನವಾಗಲೆಂದು ಮಾತು ತೆಗೆದರು: “ಹೆದರ್ಬೇಡಮ್ಮ, ಕೂತ್ಕೋ. ನಿಮ್ದು ಯಾವೂರು?”

ಅವಳದೂ ಬೇತ್ ಇತಾಬೇ. ಮಕ್ಕಳೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಮಿಸ್ ಕೂರಲಿಲ್ಲ. ಕೈಕಟ್ಟಿ ನಿಂತು ಹೇಳಿದಳು:

“ನನ್ನ ಹೆಸರು ನುಹೈಲಾ. ಮೂರನೇ ಕ್ಲಾಸು.”