ಚಿಕ್ಕಜಾಲದಿಂದ ಆರ್.ಟಿ. ನಗರಕ್ಕೆ, ಯಾರ ಕೈಯೂ ಹಿಡಿಯದೆ

ಚಿಕ್ಕಜಾಲದ ಬಸ್ ನಿಲ್ದಾಣದಲ್ಲಿ ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ಎದುರಿನ ರಸ್ತೆಯಲ್ಲಿ ಕಾರುಗಳು ವಿಮಾನ ನಿಲ್ದಾಣದ ಕಡೆಗೆ ಓಡುತ್ತಿದ್ದವು. ನಾವು ಮೂವರು ನಗರದ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದೆವು: ಎಪ್ಪತ್ತು ದಾಟಿದ ಗೌರಮ್ಮ, ಫಿಸಿಯೋಥೆರಪಿ ಕಲಿಸುವ ಸವಿತಾ, ವರದಿಗೆಂದು ಬಂದ ನಾನು. ಹೆಬ್ಬಾಳಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ಅಲ್ಲಿ ಬಸ್ ಬದಲಿಸಿದರೆ ಆರ್.ಟಿ. ನಗರ. ಕಾರಿನಲ್ಲಿ ಹೋಗಿದ್ದರೆ ಬರೆಯುವಂಥದ್ದೇನೂ ಇರುತ್ತಿರಲಿಲ್ಲ.

ಸವಿತಾ ಧಾರವಾಡದ ಕಡೆಯವರು. ಅವರು ಕೆಲಸ ಮಾಡುವ, ಯಲಹಂಕದ ಬಳಿಯ ವಿಶ್ವವಿದ್ಯಾಲಯದ ತಂಡ ಸುತ್ತಲಿನ ಹಿರಿಯರನ್ನು ಸೇರಿಸಿ ‘ಜೊತೆಗಾರರು’ ಎಂಬ ಗುಂಪು ಕಟ್ಟಿದೆ. ನಡೆದಾಡಬಲ್ಲ ಹಿರಿಯರು ವಾರಕ್ಕೊಮ್ಮೆ ಹಾಸಿಗೆ ಹಿಡಿದ ಇನ್ನೊಬ್ಬ ಹಿರಿಯರ ಮನೆಗೆ ಹೋಗಿ ಕೂರುತ್ತಾರೆ. ಮಾತಾಡಬಹುದು, ತಲೆ ಬಾಚಬಹುದು, ಸುಮ್ಮನೆಯೂ ಇರಬಹುದು. ಇದರಿಂದ ಮಲಗಿದವರಿಗೆ ಎಷ್ಟು ಒಳ್ಳೆಯದಾಗುತ್ತದೆ, ಹೋಗಿಬರುವವರಿಗೆ ಎಷ್ಟು ಎಂಬುದು ಅವರ ಸಂಶೋಧನೆಯ ಪ್ರಶ್ನೆ. ಉತ್ತರ ಇನ್ನೂ ಬಂದಿಲ್ಲ ಎಂದು ಸವಿತಾ ಮೊದಲೇ ಹೇಳಿದರು. ನಾನೂ ಊಹಿಸಲು ಹೋಗುವುದಿಲ್ಲ.

ಗೌರಮ್ಮ ಆರ್.ಟಿ. ನಗರದ ಖುರ್ಷಿದ್ ಬೀ ಅವರ ಜೊತೆಗಾರ್ತಿ. ಕಳೆದ ಮಳೆಗಾಲದಲ್ಲಿ ಬಸ್ಸಿಳಿಯುವಾಗ ಬಿದ್ದು ಗೌರಮ್ಮನ ಮುಂಗೈ ಮುರಿಯಿತು. ಅಂದಿನಿಂದ ಮಗ ನಾಗರಾಜ್ ತಾಯಿಯನ್ನು ಬಸ್ ಹತ್ತಲು ಬಿಟ್ಟಿರಲಿಲ್ಲ. ಹತ್ತಿರದಲ್ಲೇ ಬೇರೊಬ್ಬ ಹಿರಿಯರ ಮನೆ ಗೊತ್ತುಮಾಡುತ್ತೇವೆಂದು ತಂಡದವರು ಹೇಳಿದರೆ ಗೌರಮ್ಮ ಒಪ್ಪಲಿಲ್ಲ. ಕೈ ಕೂಡಿಕೊಂಡಿತು. ಕಾಲಿಗೆ ಬಲ ಬರುವ ವ್ಯಾಯಾಮವೂ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಮಗ ಒಂದು ಮಾತಿಗೆ ಒಪ್ಪಿದರು: ಹೋಗುವಾಗಲೋ ಬರುವಾಗಲೋ, ತಾಯಿ ಯಾರ ಕೈಯನ್ನೂ ಹಿಡಿಯದೆ ಬಸ್ ಹತ್ತಿ ಇಳಿದದ್ದನ್ನು ಸವಿತಾ ಕಣ್ಣಾರೆ ನೋಡಿ ಹೇಳಿದರೆ ಇನ್ನು ಒಬ್ಬರೇ ಹೋಗಿಬರಲಿ. ಇಲ್ಲದಿದ್ದರೆ ಆರ್.ಟಿ. ನಗರದ ಆಸೆ ಬಿಡಬೇಕು. ಬಸ್ಸಿನ ಕಂಬಿ ಹಿಡಿಯಬಹುದು, ಮನುಷ್ಯರನ್ನು ಹಿಡಿಯುವಂತಿಲ್ಲ.

ಬಸ್ ಬಂತು. ಗೌರಮ್ಮ ಸೆರಗು ಸಿಕ್ಕಿಸಿ ಕಂಬಿಗೆ ಕೈ ಚಾಚುವಷ್ಟರಲ್ಲಿ ಕಂಡಕ್ಟರ್ ಬಗ್ಗಿ, “ಬನ್ನಿ ಅಜ್ಜಿ, ನಿಧಾನ” ಎಂದು ತೋಳು ಹಿಡಿದು ಮೇಲೆಳೆದುಕೊಂಡರು. ಪರೀಕ್ಷೆಯ ಮೊದಲ ಭಾಗ ಅಲ್ಲಿಗೆ ಕೆಟ್ಟಿತು. ಹೆಂಗಸರಿಬ್ಬರಿಗೂ ಪ್ರಯಾಣ ಉಚಿತ. ನನ್ನ ಟಿಕೆಟ್‌ಗೆ ಇಪ್ಪತ್ತೆಂಟು ರೂಪಾಯಿ.

ಹೆಬ್ಬಾಳದ ಮೇಲ್ಸೇತುವೆಗೆ ಮುಂಚೆ ವಾಹನಗಳು ಎಂದಿನಂತೆ ಕಟ್ಟಿಕೊಂಡು ನಿಂತಿದ್ದವು. ಇಳಿಯುವ ಹೊತ್ತಿಗೆ ಇಬ್ಬರು ಕಾಲೇಜು ಹುಡುಗರು ಆಚೆಗೊಬ್ಬ ಈಚೆಗೊಬ್ಬ ನಿಂತು ಗೌರಮ್ಮನನ್ನು ಉತ್ಸವಮೂರ್ತಿಯಂತೆ ಕೆಳಗಿಳಿಸಿದರು. ಸವಿತಾ ಹಣೆ ಚಚ್ಚಿಕೊಂಡರು. “ಈ ಊರಿನ ಮಂದಿ ಇಷ್ಟು ಛಲೋ ಯಾಕ ಅದಾರ್ರೀ?”

ಇಡ್ಲಿ, ಕಾಫಿ ಮುಗಿಸಿ ಎರಡನೆಯ ಬಸ್ಸಿಗೆ ಬಂದಾಗ ಸವಿತಾ ಬಾಗಿಲ ಪಕ್ಕ ಕಾವಲು ನಿಂತರು. “ಯಾರೂ ಹಿಡೀಬ್ಯಾಡ್ರಿ! ಅವರಿಗೆ ತಾವ ಹತ್ತಾಕ ಬರ್ತದ!”

ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬರು ಎದ್ದು ನಿಂತರು. “ಯಾಕ್ರೀ ಹಿಡೀಬಾರ್ದು? ವಯಸ್ಸಾದೋರಲ್ವಾ? ಅತ್ತೆನ ಹಿಂಗಾ ನೋಡ್ಕೊಳೋದು?”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಗೌರಮ್ಮ ನಿಟ್ಟುಸಿರು ಬಿಟ್ಟರು. “ಏನ್ ಮಾಡದವ್ವ, ನಮ್ ಸೊಸೆ ಇಂಗೇ. ಓದಿರೋಳು.”

ಆ ಹೆಂಗಸು ಗೌರಮ್ಮನನ್ನು ಮೇಲೆಳೆದುಕೊಂಡು ಪಕ್ಕದಲ್ಲೇ ಕೂರಿಸಿಕೊಂಡರು. ಗಂಗಾನಗರ ದಾಟುವವರೆಗೂ ಸವಿತಾರನ್ನು ದುರುಗುಟ್ಟಿ ನೋಡುತ್ತಲೇ ಇದ್ದರು. ಆರ್.ಟಿ. ನಗರದಲ್ಲಿ ಗೌರಮ್ಮನನ್ನು ಕೈಹಿಡಿದು ಇಳಿಸಿದವರೂ ಅವರೇ.

“ನಾ ನಿಮ್ಮ ಸೊಸಿ ಅಲ್ಲಂತ ಒಂದು ಮಾತು ಹೇಳಬಾರದಿತ್ತೇನ್ರೀ ಗೌರಮ್ಮಾರ?” ಎಂದು ಸವಿತಾ ಕೇಳಿದರು.

“ಇರ್ಲಿ ಬುಡು. ಬೈಗುಳದಿಂದ ಮನೇಲಿರೋ ಸೊಸೆಗೂ ಒಂದಿನ ರಜಾ ಸಿಗ್ಲಿ.”

ಖುರ್ಷಿದ್ ಬೀ ಅವರ ಮನೆ ಕಿರಿದಾದ ಓಣಿಯೊಂದರ ಕೊನೆಯಲ್ಲಿತ್ತು. ಲಕ್ವ ಹೊಡೆದು ಅವರ ಎಡಭಾಗ ಬಿದ್ದುಹೋಗಿದೆ. ಗೌರಮ್ಮನನ್ನು ಕಂಡವರೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

“ಈಗ ನೆನಪು ಬಂತಾ ಗೌರಕ್ಕ?”

“ಫೋನ್ ಮಾಡ್ತಾನೇ ಇದ್ನಲ್ಲಕ್ಕ.”

“ಫೋನಲ್ಲಿ ತಲೆ ಬಾಚ್ತೀಯಾ ನೀನು?”

ಗೌರಮ್ಮ ಕಿಟಕಿಯ ಮೇಲಿದ್ದ ಬಾಚಣಿಗೆ, ಕೊಬ್ಬರಿ ಎಣ್ಣೆ ತೆಗೆದುಕೊಂಡು ದಿಂಬಿನ ಪಕ್ಕ ಕೂತರು. ಬೇರೆ ಯಾರು ಬಾಚಿದರೂ ಎಳೆಯುತ್ತದೆ ಎಂದು ಅತ್ತೆ ಬೈಯುತ್ತಾರೆ, ಹಾಗಾಗಿ ಮೇಲೆ ಮೇಲೆ ಬಾಚಿ ಬಿಡುತ್ತಿದ್ದೆ ಎಂದು ಸೊಸೆ ಶಬಾನಾ ಚಹಾ ಕೊಡುತ್ತಾ ನನಗೆ ಹೇಳಿದರು. ಗೌರಮ್ಮ ಕೂದಲನ್ನು ಬುಡದಲ್ಲಿ ಒತ್ತಿ ಹಿಡಿದು ತುದಿಯಿಂದ ಸಿಕ್ಕು ಬಿಡಿಸುತ್ತಾ ಬಂದರು. ಖುರ್ಷಿದ್ ಬೀ ಕಣ್ಣು ಮುಚ್ಚಿದ್ದರು. ಜಡೆ ಮುಗಿಯುವ ಹೊತ್ತಿಗೆ ಅವರ ಮುಖ ನಮ್ಮ ಕಡೆ ತಿರುಗಿತ್ತು.

ದಾರಿಯಲ್ಲಿ ನಡೆದದ್ದನ್ನು ಸವಿತಾ ಹೇಳಿದಾಗ ಖುರ್ಷಿದ್ ಬೀ ಮುಖದ ಒಂದೇ ಬದಿಯಿಂದ ನಕ್ಕರು. “ಪಾಪದ ಮುಖ ಮಾಡ್ಕೊಂಡು ಹತ್ತಿದ್ರೆ ಯಾರ್ ಬಿಡ್ತಾರೆ? ಬಯ್ಕೊಂಡು ಹತ್ತು ಗೌರಕ್ಕ. ಬಯ್ಯೋ ಮುದುಕಿ ಹತ್ರ ಯಾರೂ ಬರಲ್ಲ. ನಾನು ಶಿವಾಜಿನಗರ ಮಾರ್ಕೆಟ್‌ಗೆ ಹಂಗೇ ಹೋಗಿಬರ್ತಿದ್ದಿದ್ದು.”

“ನಮ್ಮ ಪಠ್ಯದಾಗ ಇದು ಇಲ್ಲ” ಎಂದರು ಸವಿತಾ. “ಆದ್ರೂ ನೋಡೇ ಬಿಡೋಣು.”

ಶಬಾನಾ ಒಂದು ಚೀಲದ ತುಂಬ ಸೀಬೆಹಣ್ಣು ಕಟ್ಟಿಕೊಟ್ಟರು. ಮಧ್ಯಾಹ್ನದ ಬಿಸಿಲಿನಲ್ಲಿ ನಾವು ನಿಲ್ದಾಣಕ್ಕೆ ವಾಪಸಾದೆವು. ಬಸ್ ಎಂದಿನಂತೆ ರಸ್ತೆಯ ನಡುವೆಯೇ ನಿಂತಿತು. ಗೌರಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡು ಗಂಟಲು ಸರಿಮಾಡಿಕೊಂಡರು.

“ಏ ಡ್ರೈವರಪ್ಪ! ನಡೂ ರಸ್ತೇಲಿ ನಿಲ್ಸಿದ್ರೆ ನಾನೇನ್ ಆರ್ಕೊಂಡ್ ಬರ್ಲಾ? ಪಕ್ಕಕ್ಕೆ ಆಕು!”

ಬಸ್ ಫುಟ್‌ಪಾತಿಗೆ ತಾಗುವಂತೆ ಬಂದು ನಿಂತಿತು. ಬಾಗಿಲಲ್ಲಿದ್ದ ಕಂಡಕ್ಟರ್ ಕೈ ಚಾಚಿದರು. “ನೀನ್ಯಾಕಪ್ಪ ಮರ ನಿಂತಂಗೆ ನಿಂತಿದ್ದೀಯ? ಜರುಗು!” ಚಾಚಿದ ಕೈ ಜೇಬಿಗೆ ಹೋಯಿತು. ಗೌರಮ್ಮ ಕಂಬಿ ಹಿಡಿದರು, ಒಂದು ಕಾಲಿಟ್ಟರು, ಇನ್ನೊಂದು ಕಾಲಿಟ್ಟರು, ಒಳಗೆ ಬಂದರು. ಯಾರೂ ಅವರನ್ನು ಮುಟ್ಟಿರಲಿಲ್ಲ. ಹಿಂದಿನ ಸೀಟಿನಿಂದ ಮೆಲ್ಲನೆಯ ದನಿಯೊಂದು ಕೇಳಿಸಿತು: “ಅಜ್ಜಿ ಫುಲ್ ಟೆರರ್ ಗುರು.”

ಬೈದದ್ದರಿಂದ ಇನ್ನೊಂದು ಲಾಭವೂ ಆಯಿತು ಎಂದು ಸವಿತಾ ನನಗೆ ವಿವರಿಸಿದರು. ಫುಟ್‌ಪಾತಿನಿಂದ ಹತ್ತಿದರೆ ಮೆಟ್ಟಿಲು ಅಷ್ಟು ಎತ್ತರವಾಗುವುದಿಲ್ಲ. ಬಸ್ಸನ್ನು ಪಕ್ಕಕ್ಕೆ ಹಾಕಿಸುವುದನ್ನು ಜೊತೆಗಾರರಿಗೆಲ್ಲ ಕಲಿಸಬೇಕು ಎಂದರು. ಬೈಗುಳದ ಭಾಗವನ್ನು ಹೇಗೆ ಕಲಿಸುವುದೆಂದು ಅವರಿಗಿನ್ನೂ ಹೊಳೆದಿರಲಿಲ್ಲ.

ಹೆಬ್ಬಾಳದಲ್ಲಿ ಇಳಿಯುವುದೂ ಮತ್ತೆ ಹತ್ತುವುದೂ ಇದೇ ರೀತಿ ನಡೆಯಿತು. ಉಳಿದದ್ದು ಚಿಕ್ಕಜಾಲದಲ್ಲಿ ಇಳಿಯುವುದೊಂದೇ. ಕೋಗಿಲು ಕ್ರಾಸ್ ದಾಟಿದ ಮೇಲೆ ಗೌರಮ್ಮ ಬಾಗಿಲ ಮೆಟ್ಟಿಲನ್ನೇ ನೋಡುತ್ತಾ ಕೂತರು. ಕಳೆದ ಮಳೆಗಾಲದಲ್ಲಿ ಬಿದ್ದದ್ದು ಅದೇ ನಿಲ್ದಾಣದಲ್ಲಿ ಎಂದು ಸವಿತಾ ನನಗೆ ಪಿಸುಗುಟ್ಟಿದರು.

ನಿಲ್ದಾಣದಲ್ಲಿ ನಾಗರಾಜ್ ಕಾಯುತ್ತಿದ್ದರು. ಬಾಗಿಲಲ್ಲಿ ತಾಯಿಯನ್ನು ಕಂಡದ್ದೇ ತಡ, ಷರತ್ತು ಹಾಕಿದವರೇ ಅದನ್ನು ಮರೆತು ಓಡಿಬಂದು ಕೈ ಚಾಚಿದರು.

“ಹಿಡೀಬ್ಯಾಡ್ರಿ!” ಸವಿತಾ ಒಳಗಿನಿಂದ ಕೂಗಿದರು.

ನಾಗರಾಜ್ ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತರು. ಗೌರಮ್ಮ ಈ ಸಲ ಯಾರನ್ನೂ ಬೈಯಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು ಕೆಳಗೆ ನೋಡಿದರು. ಒಂದು ಕಾಲು ಇಳಿಸಿದರು. ಆಮೇಲೆ ಇನ್ನೊಂದು. ನೆಲದ ಮೇಲೆ ನಿಂತು, ಹೆಗಲಿನ ಚೀಲ ತೆಗೆದು ಮಗನ ಚಾಚಿದ ಕೈಗೆ ನೇತುಹಾಕಿದರು.

“ಸುಮ್ನೆ ಚಾಚ್ಕೊಂಡ್ ನಿಂತಿದ್ದೀಯಲ್ಲ, ಇದ್ನ ಇಡ್ಕೊ.”

ಸೀಬೆಹಣ್ಣಿನ ಭಾರಕ್ಕೆ ಆ ಕೈ ಕೆಳಗಿಳಿಯಿತು. ನಾಗರಾಜ್ ಸವಿತಾರ ಮುಖ ನೋಡಿದರು. “ನಾ ನೋಡೀನ್ರಿ” ಎಂದರು ಅವರು. “ಮುಂದಿನ ವಾರ ಒಬ್ಬರ ಹೋಗಿಬರಲಿ.”

ಗೌರಮ್ಮನಿಗೆ ಅದನ್ನು ಕೇಳುವ ಅಗತ್ಯ ಕಂಡಂತಿರಲಿಲ್ಲ. ಅವರು ಆಗಲೇ ಮನೆಯ ದಾರಿ ಹಿಡಿದಿದ್ದರು. ನಾನೂ ಸವಿತಾರೂ ರಸ್ತೆ ದಾಟಿ ವಾಪಸು ಬಸ್ ಹತ್ತಿದಾಗ ಕಿಟಕಿಯಿಂದ ನೋಡಿದೆ. ತಾಯಿ ಮುಂದೆ ಹೋಗುತ್ತಿದ್ದರು. ಮಗ ಚೀಲ ಹೊತ್ತುಕೊಂಡು, ಅವರ ಹೆಜ್ಜೆಗೆ ಸರಿಗಟ್ಟಲು ಸ್ವಲ್ಪ ಬೇಗ ಬೇಗ ನಡೆಯುತ್ತಿದ್ದರು.