ಕೀಲಿಗೆ ಕಟ್ಟಿದ ಕುಲಾವಿ

ವೈರಿಂಗ್ ಚಾಚಾ ಅವರ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ಜೀವಮಾನವಿಡೀ ವೈರಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದಲೇ ಸುಲಿದು ಬಿದ್ದ ಕಚ್ಚು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಇಕ್ಕಳ ಕಿಸೆಯಲ್ಲೇ ಇರುತ್ತಿತ್ತು. ಯಾಕೆ ಬಳಸುವುದಿಲ್ಲ ಎಂದು ಕೇಳಿದರೆ, "ಅದ್ಕ ರುಚಿ ಗೊತ್ತಾಗಂಗಿಲ್ಲ ಬೇಟಾ" ಎನ್ನುತ್ತಿದ್ದರು.

ಶಹಾಪುರದ ನಮ್ಮ ಓಣಿಯ ತಿರುವಿನಲ್ಲಿ ಅವರ ತಗಡಿನ ಅಂಗಡಿ. ಮೋಟರ್‌ಸೈಕಲ್ಲಿನ ಲೈಟು, ಹಾರನ್ನು, ಕಿಡಿ ಇಷ್ಟೇ ಅವರ ಕೆಲಸ. ಎಂಜಿನ್ನಿಗೆ ಕೈ ಹಚ್ಚುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಚಹಾವನ್ನು ಬಸಿಗೆ ಸುರಿದು, ಒಂದು ಗುಟುಕು ಹೀರಿ, ಬಸಿಯನ್ನು ಯಾರದೋ ಗಾಡಿಯ ಸೀಟಿನ ಮೇಲಿಟ್ಟು ಮರೆತುಬಿಡುವರು. ಇಂಥವರು ಕೆಟ್ಟ ಗಾಡಿಯೊಂದರ ಮುಂದೆ ಮಾತ್ರ ಎಷ್ಟು ನಿಧಾನವಾಗುತ್ತಿದ್ದರೆಂದರೆ, ನೋಡುವವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ನನಗಂತೂ ಹುಟ್ಟಿನಿಂದಲೇ ತಾಳ್ಮೆಯಿಲ್ಲ. ಕೆಂಭಾವಿಯ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಬೆಳಗಿನ ಪಾಳಿಗೆ ಹೊಂದುವ ಬಸ್ಸಿರಲಿಲ್ಲ. ಮನೆಯಲ್ಲಿ ಅಪ್ಪನ ಗಾಡಿಯೇನೋ ಇತ್ತು, ನನಗೆ ಗಾಡಿ ಕಲಿಸಿದ್ದೂ ಅಪ್ಪನೇ. ಆದರೆ ಅವರು ತೀರಿಕೊಂಡಾಗಿನಿಂದ ಅದು ಪಡಸಾಲೆ ಬಿಟ್ಟು ಕದಲಿರಲಿಲ್ಲ. ವರ್ಷಕ್ಕೊಮ್ಮೆ ದಸರೆಯ ಖಂಡೇಪೂಜೆಯ ದಿನ ಅವ್ವ ಅದರ ಮೇಲಿನ ಚಾದರ ತೆಗೆದು, ಕೊಡಗಟ್ಟಲೆ ನೀರು ಸುರಿದು ತೊಳೆದು, ಮೈತುಂಬ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದ ನೀರು ಚಿಮುಕಿಸುತ್ತಿದ್ದಳು. ಅಪ್ಪನಿಗೆ ಮಾಡಲಾಗದ ಸೇವೆಯನ್ನೆಲ್ಲ ಆ ಗಾಡಿಗೆ ಮಾಡುತ್ತಿದ್ದಳು.

ಹೊಸ ಬ್ಯಾಟರಿ ಹಾಕಿದರೂ ಅದು ಮಿಸುಕಲಿಲ್ಲ. ಅಂಗಡಿಗೆ ನೂಕಿಕೊಂಡು ಹೋಗುತ್ತೇನೆಂದರೆ ಅವ್ವ ಅಡ್ಡ ನಿಂತಳು. "ಹೊಸ್ತಿಲ ದಾಟಿದ್ದು ತಿರುಗಿ ಬರಲಿಲ್ಲಂದ್ರ?" ಎಂದಳು. ಅಪ್ಪ ಆಸ್ಪತ್ರೆಗೆಂದು ಹೋದದ್ದೂ ಅದೇ ಹೊಸ್ತಿಲು ದಾಟಿ. ಹಾಗಾಗಿ ಚಾಚಾ ಅವರೇ ಮನೆಗೆ ಬಂದರು.

"ಎಲ್ಲಾ ವೈರ್ ಕಿತ್ತಿ ಹೊಸಾದು ಹಾಕಿಬಿಡ್ರಿ ಚಾಚಾ. ಸೋಮವಾರ ಹಾಜರಾಗಬೇಕು ನಾನು" ಎಂದೆ.

"ಭಾಳ ದಿನ ನಿಂತ ಗಾಡಿ ಮುನಿಸ್ಕೊಂಡ ನಾದ್ನಿ ಇದ್ದಂಗ. ಎಳದಾಡಬಾರದು. ಎಲ್ಲಿ ನೋವದ ಅಂತ ಕೇಳಬೇಕು" ಎಂದರು.

ಸಣ್ಣ ಬಲ್ಬೊಂದಕ್ಕೆ ಎರಡು ವೈರು ಕಟ್ಟಿಕೊಂಡಿದ್ದರು. ಒಂದರ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಸಿಗಿಸಿ, ಇನ್ನೊಂದರ ತುದಿಯನ್ನು ಬ್ಯಾಟರಿಯಿಂದ ಹಿಡಿದು ಒಂದೊಂದೇ ಜೋಡಣೆಗೆ ಮುಟ್ಟಿಸುತ್ತ ಬಂದರು. ಬಲ್ಬು ಹೊತ್ತಿದರೆ ಕರೆಂಟು ಅಲ್ಲಿಯವರೆಗೆ ಬಂದಿದೆ ಎಂದರ್ಥ. ನಾನು ಅಂಗಳಕ್ಕೂ ಪಡಸಾಲೆಗೂ ಎಡತಾಕುತ್ತಿದ್ದೆ. ಫ್ಯೂಸಿನ ಬಳಿ ಹೊತ್ತಿತು. ಕೀಲಿಕೈ ತಿರುಗಿಸುವ ಸ್ವಿಚ್ಚಿನವರೆಗೂ ಹೊತ್ತಿತು. ಅದರಾಚೆ ಹೊತ್ತಲಿಲ್ಲ.

ಸ್ವಿಚ್ಚು ಬಿಚ್ಚಿದರು. ಒಳಗೆ ಅರಿಶಿನ ಕುಂಕುಮ ನೀರಿನಲ್ಲಿ ಕಲಸಿ ಗಟ್ಟಿಯಾಗಿ ಕೂತಿತ್ತು. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಚಾಚಾ ಅದನ್ನು ಕೆರೆದು, ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಅಂಗಿಯ ಕಿಸೆಗೆ ತುರುಕಿಕೊಂಡರು. ತಾಮ್ರ ಉಜ್ಜಿ ಎಲ್ಲ ಮೊದಲಿನಂತೆ ಕೂಡಿಸಿ, "ಒದಿ" ಎಂದರು. ನಾಲ್ಕಾರು ಒದೆತಕ್ಕೆ ಗಾಡಿ ಗುಡುಗಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಕಣ್ಣು ತುಂಬಿತ್ತು.

"ಏನಾಗಿತ್ತ್ರಿ ಭಾಯಿ?"

ನಾನು ಬಾಯಿ ತೆರೆದೆ. ಚಾಚಾ ಬಲ್ಬಿನ ವೈರನ್ನು ನನ್ನ ಕೈಗೆ ತುರುಕಿ, "ಸುತ್ತು ಇದನ್ನ" ಎಂದರು. ಆಮೇಲೆ ಅವ್ವನ ಕಡೆ ತಿರುಗಿ, "ಇಲಿ ಅಕ್ಕಾರ. ವೈರ್ ಕಡದಿತ್ತು" ಎಂದರು.

ಓಣಿಯವರೆಗೂ ಬೆನ್ನು ಹತ್ತಿ ಜಗಳವಾಡಿದೆ. ಸುಳ್ಳು ಯಾಕೆ ಹೇಳಿದಿರಿ, ಮುಂದಿನ ಪೂಜೆಗೆ ಮತ್ತೆ ಕೆಡುವುದಿಲ್ಲವೇ ಎಂದೆ. ಅವರು ನಿಂತರು. ಅವರು ನಿಂತು ಮಾತಾಡಿದ್ದೇ ಅಪರೂಪ.

"ನೀ ಪೂಜಿ ಮಾಡೇ ಗಾಡಿ ಕೆಡಸೀದಿ ಅಂತ ನಿಮ್ಮವ್ವಗ ಅಂದ್ರ, ಆಕಿ ನಾಳಿಂದ ಆ ಕೈ ಎಲ್ಲಿಡಬೇಕು ಬೇಟಾ? ಗಾಡಿದು ನನಗ ಬಿಡು."

ಸೋಮವಾರದಿಂದ ಆ ಗಾಡಿಯ ಮೇಲೇ ಕೆಂಭಾವಿಗೆ ಹೋಗಿಬರತೊಡಗಿದೆ; ಅದು ತಿರುಗಿ ಬರುವವರೆಗೆ ಅವ್ವ ಹೊಸ್ತಿಲಲ್ಲೇ ಕೂತಿರುತ್ತಿದ್ದಳು. ಆ ವರ್ಷ ಖಂಡೇಪೂಜೆಯ ಬೆಳಿಗ್ಗೆ ಅವ್ವ ಕೊಡ ಎತ್ತುವ ಮೊದಲೇ ಚಾಚಾ ಬಂದರು. ಹಳೆಯ ಸೀಟಿನ ರೆಕ್ಸಿನ್ನಿನಿಂದ ಹೊಲಿದ, ಕೂಸಿನ ತಲೆಗೆ ಹಾಕುವ ಕುಲಾವಿಯಂಥದೊಂದನ್ನು ಸ್ವಿಚ್ಚಿಗೆ ತೊಡಿಸಿ ಬಿಗಿಯಾಗಿ ಕಟ್ಟಿದರು. "ಇಲಿ ಬರ್ತಾವ ಅಕ್ಕಾರ, ಮುಚ್ಚಿರಲಿ" ಎಂದರು. ಅವ್ವ ಕುಲಾವಿಯ ಮೇಲೆಯೇ ಕುಂಕುಮ ಹಚ್ಚಿ, ಅವರ ಕೈಗೆ ಹೋಳಿಗೆ ಕೊಟ್ಟಳು. ಅಲ್ಲಿಂದ ಪ್ರತಿ ವರ್ಷ ಇದೇ ನಡೆಯಿತು. ಇಲಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಸುದ್ದಿ ಬಂದಾಗ ನಾನು ಕೆಂಭಾವಿಯಲ್ಲಿದ್ದೆ. ಗಾಡಿ ಒಂದೇ ಒದೆತಕ್ಕೆ ಹೊತ್ತಿತು. ಅದಕ್ಕೇ ಅಳು ತಡೆಯಲಾಗಲಿಲ್ಲ, ದಾರಿಯುದ್ದಕ್ಕೂ ಅತ್ತೆ.

ಈ ವರ್ಷ ಗಾಡಿಯನ್ನು ಪೂಜೆಗೆಂದು ಮನೆಯಲ್ಲೇ ಬಿಟ್ಟು ಹಿಂದಿನ ರಾತ್ರಿ ಪಾಳಿಗೆ ಹೋಗಿದ್ದೆ; ಪೂಜೆಯ ಬೆಳಿಗ್ಗೆ ಪಾಳಿ ಮುಗಿಯುವುದು ತಡವಾಯಿತು. ಅವ್ವ ಈಗ ನೀರು ಸುರಿದಳು, ಈಗ ಸುರಿದಳು ಎಂದು ಬಸ್ಸಿನಲ್ಲಿ ಕೂತಲ್ಲಿ ಕೂರಲಾರದೆ ಬಂದೆ. ಮನೆ ಮುಟ್ಟಿದಾಗ ಗಾಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಿಚ್ಚಿನ ಮೇಲೆ ಹೋದ ವರ್ಷದ್ದೇ ಕುಲಾವಿ ಇತ್ತು. ಗಂಟು ಮಾತ್ರ ಚಾಚಾ ಹಾಕುವಂಥದ್ದಲ್ಲ, ಅವ್ವನ ಗಂಟು.

"ಇಲಿ ಬರ್ತಾವಂತ ಕಟ್ಟಿದೇನವ್ವಾ?" ಎಂದೆ.

ಅವ್ವ ಕುಂಕುಮದ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಎರಡ ಬೆಕ್ಕಿದ್ದ ಮನ್ಯಾಗ ಎಲ್ಲೀ ಇಲಿ? ಅವತ್ತ ಭಾಯಿ ಕಿಸೆದಾಗಿನ ಅರಿವಿ ಕೆಂಪಗ ಕಂಡಿತ್ತು ನನಗ."

"ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ದಿ?"

"ನನ್ನ ಸಲುವಾಗಿ ಸುಳ್ಳ ಹೇಳಿದ ಮನಷ್ಯಾ. ನನಗ ಗೊತ್ತದ ಅಂದಿದ್ರ, ಮರುವರ್ಷ ಯಾ ಮುಖಾ ಇಟ್ಕೊಂಡು ಬರ್ತಿದ್ದ?"

ಹೋಳಿಗೆ ಕಟ್ಟಿದ ಗಂಟನ್ನು ನನ್ನ ಕೈಗಿತ್ತಳು. "ಅವರ ಮನೀಗಿ ಕೊಟ್ಟು ಬಾ. ಗಾಡಿ ಮ್ಯಾಲೇ ಹೋಗು."